ಸೆರಗಿನ ಕುಚ್ಚಿಗೆ ರೇಟು ಹಾಕಲು ಕಲಿತದ್ದು

ಸೀರೆಗೆ ಕುಚ್ಚು ಕಟ್ಟೋದು ನನಗೆ ಟೀವಿ ಮುಂದೆ ಕೂತು ಮಾಡುವ ಕೆಲಸವಾಗಿತ್ತು. ನನ್ನ ಸೀರೆ, ಅಮ್ಮನ ಸೀರೆ, ಅತ್ತಿಗೆಯ ಸೀರೆ, ಅಷ್ಟೇ. ಒಂದು ದಿನ ಅತ್ತಿಗೆಯ ಆಫೀಸಿನವರೊಬ್ಬರು ಎರಡು ಸೀರೆ ಕಳಿಸಿ, "ಎಷ್ಟಾಗುತ್ತೆ ಕೇಳಿ" ಅಂದರಂತೆ. ನನ್ನ ಬಾಯಿಗೆ ಬಂದದ್ದು ಸೀರೆಗೆ 150 ರೂಪಾಯಿ. ಯಾಕೆ 150 ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಸೀರೆಗೆ ಕೂತಾಗ ಸುಮ್ನೆ ಗಡಿಯಾರ ನೋಡಿಕೊಂಡೆ. ಕ್ರೋಶಾ ಕಡ್ಡಿಯಲ್ಲಿ ಅಂಚು ಹೆಣೆದು, ಮಣಿ ಪೋಣಿಸಿ, ಕುಚ್ಚು ಕಟ್ಟಿ ಮುಗಿಸಲು ಐದು ಗಂಟೆ ಹಿಡಿಯಿತು. ದಾರ, ಮಣಿಗೆ 60 ರೂಪಾಯಿ. ಉಳಿದದ್ದು 90. ಅಂದರೆ ಗಂಟೆಗೆ 18 ರೂಪಾಯಿ! ಬೆನ್ನುನೋವು ಬೇರೆ.

ನೋಡುವವರಿಗೆ ಈ ಐದು ಗಂಟೆ ಕಾಣುವುದಿಲ್ಲ. ಸೆರಗಿನ ಅಗಲ ಸುಮಾರು 45 ಇಂಚು. ಅರ್ಧ ಇಂಚಿಗೊಂದು ಬೇಬಿ ಕುಚ್ಚು ಅಂದರೂ 90 ಕುಚ್ಚು. ಒಂದೊಂದಕ್ಕೂ ದಾರವನ್ನು ರಟ್ಟಿಗೆ ಸುತ್ತಿ, ಕತ್ತರಿಸಿ, ಮಡಚಿ, ಕುತ್ತಿಗೆಗೆ ಜರಿ ಬಿಗಿಯಬೇಕು. ಬಿಗಿ ಕಮ್ಮಿಯಾದರೆ ನಾಲ್ಕು ಸಲ ಉಡುವಷ್ಟರಲ್ಲಿ ಎಳೆಗಳು ಜಾರುತ್ತವೆ. ಜಾಸ್ತಿ ಎಳೆದರೆ ಜರಿ ಪಟ್ ಅಂತ ತುಂಡಾಗುತ್ತದೆ. ಕೊನೆಗೆ ತುದಿಗಳನ್ನು ಒಂದೇ ಸಮ ಕತ್ತರಿಸುವಾಗ ಒಂದು ಗಿಡ್ಡವಾಯಿತೋ, ಉಳಿದ 89ಕ್ಕೂ ಕತ್ತರಿ ಬೀಳುತ್ತದೆ.

ಆಮೇಲಿಂದ ರೇಟು ಬಾಯಿಗೆ ಬಂದಂತೆ ಹೇಳಲಿಲ್ಲ. ಸಾಮಾನಿನ ಖರ್ಚು, ಕೂತ ಗಂಟೆಗೆ 70 ರೂಪಾಯಿ, ಜೊತೆಗೆ ಓಡಾಟಕ್ಕೆ ಸ್ವಲ್ಪ. ಬರೀ ಗಂಟು ಹಾಕುವ ಸಾದಾ ಕುಚ್ಚು ಒಂದು ಗಂಟೆಯಲ್ಲಿ ಮುಗಿಯುತ್ತೆ, ಅದು ಕಮ್ಮಿಗೇ ಬೀಳುತ್ತೆ. ಮಣಿ ಹಾಕಿದ ಕ್ರೋಶಾ ಕುಚ್ಚಿಗೆ 450. ಹೇಳುವಾಗ ಮೊದಮೊದಲು ನಾಲಿಗೆ ಒಣಗುತ್ತಿತ್ತು. "ಅಕ್ಕಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂದರೆ ಈಗ ರೇಟು ಇಳಿಸುವುದಿಲ್ಲ, ಡಿಸೈನ್ ಇಳಿಸುತ್ತೇನೆ. ಮಣಿ ಬೇಡ ಅಂದರೆ ನನಗೂ ಒಂದು ಗಂಟೆ ಉಳಿಯುತ್ತೆ, ಅಲ್ವಾ? ಕಷ್ಟ ಇರೋದು ನೆಂಟರದು. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಒಂದು ಸೀರೆ ಹಾಳು ಮಾಡಿದ್ದೂ ಉಂಟು. ಹಾಫ್‌ವೈಟ್ ಸೀರೆ, ಮರೂನ್ ಅಂಚು. ಅಗ್ಗಕ್ಕೆ ಸಿಕ್ಕಿತೆಂದು ಹೊಸ ಮರೂನ್ ದಾರ ತಂದಿದ್ದೆ. ಕುಚ್ಚಿನ ಸುಕ್ಕು ಬಿಡಿಸಲು ನೀರು ಹಚ್ಚಿ ಇಸ್ತ್ರಿ ಮಾಡಿದೆ. ಎತ್ತಿ ನೋಡಿದರೆ ಸೆರಗಿನ ಮೇಲೆ ಗುಲಾಬಿ ಕಲೆ, ಕುಂಕುಮದ ನೀರು ಚೆಲ್ಲಿದ ಹಾಗೆ. ಡ್ರೈಕ್ಲೀನಿಂಗಿಗೆ ಕೊಟ್ಟರೂ ಪೂರ್ತಿ ಹೋಗಲಿಲ್ಲ. ಸೀರೆಯವರ ಮನೆಗೇ ಹೋಗಿ ತೋರಿಸಿ, 3,000 ರೂಪಾಯಿ ಕೊಟ್ಟು ಬಂದೆ. ಎರಡು ತಿಂಗಳ ದುಡಿಮೆ ಅದು. ಅಂಗಡಿಯಲ್ಲಿ ರೇಷ್ಮೆ ದಾರ ಅಂತ ಸಿಗೋದೆಲ್ಲ ರೇಷ್ಮೆಯೂ ಅಲ್ಲ, ಎಲ್ಲದರ ಬಣ್ಣ ಗಟ್ಟಿಯೂ ಅಲ್ಲ. ಈಗ ಹೊಸ ರೀಲು ತಂದರೆ ಮೊದಲು ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಿಸಿ ಇಸ್ತ್ರಿ ಒತ್ತುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ ಆ ರೀಲು ಮಗಳ ಶಾಲೆಯ ಕ್ರಾಫ್ಟಿಗೆ ಹೋಗುತ್ತೆ.

ಸೀರೆ ತೆಗೆದುಕೊಳ್ಳುವಾಗಲೇ ಬಾಗಿಲ ಬೆಳಕಲ್ಲಿ ಬಿಚ್ಚಿ, ಸೆರಗಿನ ಫೋಟೋ ತೆಗೆದು, ಮೊದಲೇ ಇರುವ ತೂತು, ಕಲೆ ಎಲ್ಲ ಪುಸ್ತಕದಲ್ಲಿ ಬರೆಯುತ್ತೇನೆ. ಕೆಲವು ಸೀರೆಗಳಲ್ಲಿ ಬ್ಲೌಸ್ ಪೀಸು ಸೆರಗಿನ ತುದಿಗೇ ಇರುತ್ತೆ. ಅದನ್ನು ಕತ್ತರಿಸಿಯೇ ತನ್ನಿ ಅಂತೀನಿ, ನಾನು ಕತ್ತರಿ ಹಾಕಲ್ಲ. ಫಾಲ್, ಜಿಗ್‌ಜಾಗ್ ಕೂಡ ಮೊದಲೇ ಮುಗಿದಿರಬೇಕು. ಕುಚ್ಚು ಕಟ್ಟಿದ ಮೇಲೆ ಸೀರೆ ಹೊಲಿಗೆ ಮಿಷನ್ನಿಗೆ ಹೋದರೆ ಎಳೆಗಳು ಗೋಜಲಾಗಿ ವಾಪಸ್ ಬರುತ್ತವೆ. ಅರ್ಧ ಅಡ್ವಾನ್ಸ್ ಇಲ್ಲದೆ ದಾರ ಮುಟ್ಟುವುದಿಲ್ಲ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೇನೆ. ಒಬ್ಬರು ಅದಕ್ಕೆ 1,500 ಕೇಳಿದ್ದರು. ಅದು ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ಆಧಾರ್, ಪ್ಯಾನ್ ಇಟ್ಟುಕೊಂಡು ಕೂತರೆ ನಾವೇ ಮಾಡಿಕೊಳ್ಳಬಹುದು.

ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಇರಲ್ಲ ಅಂದುಕೊಂಡಿದ್ದೆ. ಆದರೆ ಅಂಗಡಿಗಳವರು ಡಿಸ್ಕೌಂಟ್ ಹಾಕೋದೇ ಆಗ. ಆಷಾಢದಲ್ಲಿ ಕೊಂಡ ಸೀರೆಗಳೆಲ್ಲ ಶ್ರಾವಣ ಹುಟ್ಟುತ್ತಲೇ ನನ್ನ ಮನೆಗೆ ಬರುತ್ತವೆ, ಎಲ್ಲರಿಗೂ ವರಮಹಾಲಕ್ಷ್ಮಿ ಹಬ್ಬದೊಳಗೇ ಬೇಕು. ಹೋದ ವರ್ಷ ಮೂರು ರಾತ್ರಿ ನಿದ್ದೆಗೆಟ್ಟೆ. ಈ ಸಲ ಪಕ್ಕದ ಮನೆಯ ಅಕ್ಕನಿಗೆ ದಾರ ಸುತ್ತಿ ಕುಚ್ಚು ಬಿಗಿಯುವ ಕೆಲಸ ಕೊಟ್ಟಿದ್ದೇನೆ, ಕುಚ್ಚಿಗೆ ಒಂದು ರೂಪಾಯಿಯಂತೆ. ಅವರ ಬಿಗಿ ನನ್ನದಕ್ಕಿಂತ ಚೆನ್ನಾಗಿದೆ. ಸದ್ಯ ಮಂಚದ ಮೇಲೆ ಹದಿನಾಲ್ಕು ಸೀರೆ ಇವೆ. ಬಾಟಲ್ ಗ್ರೀನ್ ದಾರ ಮುಗಿದಿದೆ, ನಾಳೆ ಬೆಳಗಿನ ರೈಲಿಗೆ ಚಿಕ್ಕಪೇಟೆಗೆ ಹೊರಡಬೇಕು.