ಮೇಲಿನ ಸಾಲು ಇದೆಯಾ?

ಅಮೆರಿಕದ ಹಳೇ ದಿನಪತ್ರಿಕೆಗಳ ಕಾಮಿಕ್ ಸ್ಟ್ರಿಪ್, ಅಂದರೆ ಚೌಕ ಚೌಕವಾಗಿ ಬರುವ ಚಿತ್ರಕಥೆ, ಕೂಡಿಡುವುದು ನನ್ನ ಹುಚ್ಚು. ಭಾನುವಾರದ ಬಣ್ಣದ ಪುಟ ಕೈಗೆ ಬಂದರೆ ಮೊದಲು ನೋಡುವುದು ಚೌಕಗಳ ಮೇಲಿನ ಸಾಲು ಇದೆಯಾ ಅಂತ. ಒಂದೇ ಸ್ಟ್ರಿಪ್ ಒಂದು ಪತ್ರಿಕೆಯಲ್ಲಿ ಅರ್ಧ ಪುಟಕ್ಕೆ ಬರುತ್ತಿತ್ತು, ಇನ್ನೊಂದರಲ್ಲಿ ಮೂರನೇ ಒಂದು ಪುಟಕ್ಕೆ. ಜಾಗ ಸಾಲದ ಕಡೆ ಮೇಲಿನ ಸಾಲಿಗೇ ಕತ್ತರಿ. ಇದು ಗೊತ್ತಿದ್ದ ಚಿತ್ರಕಾರರು, ಆ ಸಾಲು ಹೋದರೂ ಕಥೆ ಕೆಡಬಾರದು ಅಂತ ಅಲ್ಲಿ ಬೇರೆಯೇ ಒಂದು ಪುಟ್ಟ ತಮಾಷೆ ಇಡುತ್ತಿದ್ದರು. ನನಗೆ ಅದು ಬೇಕೇ ಬೇಕು. ಅದಕ್ಕೇ ಅರ್ಧ ಪುಟದ ಅಚ್ಚು ಸಿಗುವ ತನಕ ಕಾಯುತ್ತೇನೆ.

ಚಿತ್ರಕಾರ ಬಿಲ್ ವಾಟರ್ಸನ್ ಈ ಕತ್ತರಿಯನ್ನು ಒಪ್ಪಲಿಲ್ಲ. 1992ರಿಂದ ತಮ್ಮ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಸ್ಟ್ರಿಪ್‌ನ ಭಾನುವಾರದ ಪುಟವನ್ನು ಯಾರೂ ಒಡೆಯಲಾಗದ ಹಾಗೆ ಬರೆದರು. ಅದಕ್ಕೆ ಮುಂಚಿನದನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚೌಕಗಳು ಹೇಗೆ ಕೈಕಾಲು ಚಾಚಿಕೊಂಡಿವೆ!

ದಿನದ ಸ್ಟ್ರಿಪ್‌ಗಳ ವಿಷಯ ಬೇರೆ. ಅಲ್ಲಿ ಬಿಡಿ ತುಣುಕಿಗಿಂತ ಒಂದೂ ದಿನ ತಪ್ಪದ ಸರಣಿ ದೊಡ್ಡದು. ಫ್ರಾಂಕ್ ಕಿಂಗ್ ಅವರ ‘ಗ್ಯಾಸೊಲೀನ್ ಆಲಿ’ಯಲ್ಲಿ 1921ರ ಫೆಬ್ರವರಿ 14ರಂದು ಬಾಗಿಲ ಮುಂದೆ ಒಂದು ಮಗು ಸಿಗುತ್ತದೆ. ಆಮೇಲೆ ಆ ಮಗು ಓದುಗರ ಜೊತೆಗೇ ವರ್ಷ ವರ್ಷ ಬೆಳೆಯುತ್ತದೆ. ಒಂದು ದಿನದ್ದನ್ನು ಸುಮ್ನೆ ಓದಿದರೆ ಏನೂ ಆಗಿಲ್ಲ ಅನಿಸುತ್ತದೆ. ತಾರೀಖು ಪ್ರಕಾರ, ದಿನಕ್ಕೆ ಒಂದರಂತೆ ಓದಬೇಕು. ಒಂದೇ ಪಟ್ಟಿಗೆ ನೂರು ಓದುವುದು ನನಗೆ ಹಿಡಿಸುವುದಿಲ್ಲ.

ಭೂತಗನ್ನಡಿ ಯಾವಾಗಲೂ ಪಕ್ಕದಲ್ಲಿರಬೇಕು. ಚಾರ್ಲ್ಸ್ ಶುಲ್ಜ್ ‘ಪೀನಟ್ಸ್’ ಸ್ಟ್ರಿಪ್ ಅನ್ನು 1950ರಿಂದ 2000ದವರೆಗೆ, ಸಹಾಯಕರಿಲ್ಲದೆ ತಾವೇ ಬರೆದರು. ಅದರ ಮುಖ್ಯ ಹುಡುಗ ಚಾರ್ಲಿ ಬ್ರೌನ್‌ನ ತಲೆಯನ್ನು ಮೊದಲ ವರ್ಷಗಳಲ್ಲಿ ನೋಡಿ, ಒಂದೇ ಎಳೆತದ ನುಣುಪಾದ ಗೆರೆ. ಕೊನೆಯ ವರ್ಷಗಳಲ್ಲಿ ಅದೇ ಗೆರೆ ಅಲೆ ಅಲೆಯಾಗಿ ನಡುಗುತ್ತದೆ, ಕೈ ನಡುಕ ಬಂದಿತ್ತು. ಆ ನಡುಗುವ ಗೆರೆಯೇ ನನಗೆ ಜಾಸ್ತಿ ಇಷ್ಟ. ಚಾರ್ಲಿಯ ನಾಯಿ ಸ್ನೂಪಿಯ ಅಣ್ಣ ಸ್ಪೈಕ್ ಮರಳುಗಾಡಿನಲ್ಲಿ ಕೂತಿದ್ದಾಗ ಅದು ಎಷ್ಟು ಒಪ್ಪುತ್ತದೆ, ಅಲ್ವಾ?

ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಅನ್ನುವ, ಮರದಿಂದ ಬರುವ ಒಂದು ವಸ್ತು ಇರುತ್ತದೆ. ಬೆಳಕು, ಗಾಳಿ ತಗುಲಿದರೆ ಹಳದಿಯಾಗಿ ಪುಡಿಯಾಗುತ್ತದೆ. ನಾನು ಪುಟವನ್ನು ಮಡಚದೆ, ಆಮ್ಲವಿಲ್ಲದ ರಟ್ಟಿನ ಜೊತೆ ಪಾಲಿಯೆಸ್ಟರ್ ಹೊದಿಕೆಯಲ್ಲಿ ಹಾಕಿ, ಕತ್ತಲಲ್ಲಿ ಮಲಗಿಸಿಡುತ್ತೇನೆ. ಟೇಪ್ ಮಾತ್ರ ಅಂಟಿಸಲೇಬೇಡಿ.

ಇಷ್ಟಾದರೂ ಉಳಿದಿರುವುದೇ ಹೆಚ್ಚು. ಗ್ರಂಥಾಲಯಗಳು ಪತ್ರಿಕೆಗಳನ್ನು ಕಪ್ಪುಬಿಳುಪು ಮೈಕ್ರೋಫಿಲ್ಮಿಗೆ (ಪುಟಗಳ ಪುಟ್ಟ ಫೋಟೋ ಸುರುಳಿಗೆ) ಇಳಿಸಿ ಮೂಲ ಪ್ರತಿಗಳನ್ನು ಎಸೆಯುತ್ತಿದ್ದ ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸಂಗ್ರಹಕಾರ ಬಿಲ್ ಬ್ಲ್ಯಾಕ್‌ಬಿಯರ್ಡ್ ಅಂಥವನ್ನು ಮನೆಗೆ ತಂದು ತುಂಬಿಕೊಂಡರು. ಸುಮಾರು 75 ಟನ್ ತೂಕದ ಆ ರಾಶಿ ಈಗ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿದೆ. ಜಾರ್ಜ್ ಹೆರಿಮನ್ ಅವರ ‘ಕ್ರೇಜಿ ಕ್ಯಾಟ್’ ಸ್ಟ್ರಿಪ್‌ನ ಭಾನುವಾರದ ಪುಟಗಳನ್ನು ನಾನು ಮರುಮುದ್ರಣದಲ್ಲೇ ಓದುತ್ತೇನೆ, ಆದರೆ ದೊಡ್ಡ ಅಳತೆಯದನ್ನೇ ಹುಡುಕುತ್ತೇನೆ. ಚೌಕದಿಂದ ಚೌಕಕ್ಕೆ ಹಿಂದಿನ ಬಂಡೆ, ಮರ, ಚಂದ್ರ ಎಲ್ಲ ಬದಲಾಗುವುದು ಸಣ್ಣ ಪುಸ್ತಕದಲ್ಲಿ ಕಣ್ಣಿಗೇ ಬೀಳುವುದಿಲ್ಲ.