ಪ್ರೊಸೆಸರ್ ಓವರ್‌ಕ್ಲಾಕ್: ಕರಾವಳಿಯ ಸೆಕೆಯನ್ನು ಲೆಕ್ಕಕ್ಕೆ ಹಿಡಿದು ಮಾಡಿ

ಆಟಿಯ ಮಳೆಯಲ್ಲಿ ಓವರ್‌ಕ್ಲಾಕ್ ಮಾಡಿ (ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿ), ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ ‘ಸ್ಟೇಬಲ್’ ಎಂದು ಬಿಟ್ಟ ಕಂಪ್ಯೂಟರ್‌ಗಳು ಏಪ್ರಿಲ್ ಸೆಕೆ ಶುರುವಾದೊಡನೆ ನೀಲಿ ಪರದೆ ತೋರಿಸುತ್ತವೆ. ಕೋಣೆ ಬಿಸಿಯಾದಷ್ಟೂ ಚಿಪ್ ಬಿಸಿಯಾಗುತ್ತದೆ. ಕೋಣೆ 27 ಡಿಗ್ರಿ ಇದ್ದಾಗ 85ಕ್ಕೆ ನಿಂತದ್ದು, ಕೋಣೆ 34 ಆದಾಗ ಸುಮಾರು 92ಕ್ಕೆ ಏರುತ್ತದೆ. ಮಂಗಳೂರು, ಉಡುಪಿಯಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರುವವರು 80 ಡಿಗ್ರಿಯನ್ನೇ ಗಡಿಯಾಗಿ ಇಟ್ಟುಕೊಳ್ಳಿ. ಪರೀಕ್ಷೆಯ ಹೊತ್ತಿಗೆ ಎಸಿ ಬೇಡ.

ಇಂಟೆಲ್ ಆದರೆ ಹೆಸರಿನ ಕೊನೆಗೆ ‘ಕೆ’ ಇರುವ ಚಿಪ್, ಝಡ್ ಸರಣಿಯ ಮದರ್‌ಬೋರ್ಡ್ ಎರಡೂ ಬೇಕು. ಎಎಂಡಿ ಕಂಪನಿಯ ರೈಜನ್‌ಗೆ ಬಿ ಅಥವಾ ಎಕ್ಸ್ ಸರಣಿಯ ಬೋರ್ಡ್ ಸಾಕು. ಎ520, ಎ620 ಬೋರ್ಡ್‌ಗಳಲ್ಲಿ ಆಗದು. 13 ಮತ್ತು 14ನೇ ತಲೆಮಾರಿನ ಇಂಟೆಲ್ ಇದ್ದರೆ ಮೊದಲು ಬಯಾಸ್ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಮಿತಿಮೀರಿದ ವೋಲ್ಟೇಜ್‌ನಿಂದ ಚಿಪ್ ಸವೆಯುವುದನ್ನು ತಡೆಯುವ ಮೈಕ್ರೋಕೋಡ್ (ಚಿಪ್‌ನ ಒಳ ತಂತ್ರಾಂಶ) 2024ರ ಆಗಸ್ಟ್‌ನಲ್ಲಿ ಬಂತು. ಗುಡುಗು ಕೇಳುವ ಸಂಜೆ ಮಾತ್ರ ಈ ಅಪ್‌ಡೇಟ್‌ಗೆ ಕೈಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಆನ್ ಆಗದೇ ಇರಬಹುದು.

ಕೂಲರ್ ಬಿಚ್ಚಿ ಶುಚಿಮಾಡಿ. ಪಣಂಬೂರು, ಮಲ್ಪೆಯಂಥ ಕಡಲಬದಿಯಲ್ಲಿ ಧೂಳು ತೇವಕ್ಕೆ ಅಂಟಿಕೊಂಡು ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ಹಳೆಯ ಎಎಂ4 ರೈಜನ್‌ನಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಯಂತ್ರ ಸ್ವಲ್ಪ ಬಿಸಿ ಇರುವಾಗಲೇ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲ ತಿರುಗಿಸಿ ತೆಗೆಯಿರಿ. ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಹೊಸ ಥರ್ಮಲ್ ಪೇಸ್ಟ್ ಕಡಲೆಕಾಳಿನಷ್ಟು ಸಾಕು. ಸಣ್ಣ ಪ್ಯಾಕೆಟ್‌ನಲ್ಲಿ ಬರುವ ಅಗ್ಗದ ಬಿಳಿ ಪೇಸ್ಟ್ ಬೇಡವೇ ಬೇಡ; ಒಣಗಿ ಸುಣ್ಣದಂತಾಗುತ್ತದೆ.

ಇನ್ನು ಹೆಚ್ಚಿನವರು ಕೆಡಿಸಿಕೊಳ್ಳುವ ಜಾಗ: ವೋಲ್ಟೇಜ್. ಗುಣಕ (ಚಿಪ್‌ನ ವೇಗ 100 ಮೆಗಾಹರ್ಟ್ಸ್‌ನ ಎಷ್ಟು ಪಟ್ಟು ಎಂಬ ಅಂಕಿ) ಏರಿಸಿ ವೋಲ್ಟೇಜನ್ನು ‘ಆಟೋ’ದಲ್ಲಿ ಬಿಟ್ಟರೆ ಬೋರ್ಡ್ ಅಗತ್ಯಕ್ಕಿಂತ ಹೆಚ್ಚು ಕೊಡುತ್ತದೆ. ಚಿಪ್‌ನ ಬಿಸಿ ವೋಲ್ಟೇಜ್‌ನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುವುದರಿಂದ ಸಣ್ಣ ಹೆಚ್ಚಳವೂ ದುಬಾರಿ. ಬೋರ್ಡ್ ತಯಾರಕರು ಕೊಡುವ ಒಂದೇ ಒತ್ತಿನ ಓವರ್‌ಕ್ಲಾಕ್ ತಂತ್ರಾಂಶವೂ ಇದನ್ನೇ ಮಾಡುತ್ತದೆ, ತೆಗೆದುಹಾಕಿ.

ಉದಾಹರಣೆಗೆ ಐ5-12600ಕೆ. ಬಯಾಸ್‌ನಲ್ಲಿ ಕೋರ್ ವೋಲ್ಟೇಜ್ 1.25ಕ್ಕೆ ಕಟ್ಟಿ, ಪಿ-ಕೋರ್ (ಚಿಪ್‌ನ ವೇಗದ ಕೋರ್) ಗುಣಕ 47 ಮಾಡಿ. 100 ಮೆಗಾಹರ್ಟ್ಸ್‌ನ 47 ಪಟ್ಟು, ಅಂದರೆ 4.7 ಗಿಗಾಹರ್ಟ್ಸ್. ಲೋಡ್‌ಲೈನ್ ಕ್ಯಾಲಿಬ್ರೇಶನ್ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್) ನಡುಮಟ್ಟದಲ್ಲಿರಲಿ. ತೀರ ಬಿಗಿ ಮಾಡಿದರೆ ಲೋಡ್ ಇಳಿದ ಕ್ಷಣ ವೋಲ್ಟೇಜ್ ಪುಟಿಯುತ್ತದೆ. ಅಂಕಿ ನೋಡಿ ಮೋಸಹೋಗಬೇಡಿ: ಆಸುಸ್‌ನಲ್ಲಿ ದೊಡ್ಡ ಅಂಕಿ ಬಿಗಿ, ಎಂಎಸ್‌ಐನಲ್ಲಿ 1 ಬಿಗಿ. ವಿಂಡೋಸ್‌ಗೆ ಬಂದು ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದು ‘ವಿಕೋರ್’ ಸಾಲು ನೋಡಿ. ‘ವಿಐಡಿ’ ಎಂಬುದು ಚಿಪ್ ಕೇಳುವ ವೋಲ್ಟೇಜ್, ಸಿಗುತ್ತಿರುವುದಲ್ಲ.

ಚಿಪ್‌ಗೆ ಭಾರೀ ಲೆಕ್ಕ ಕೊಟ್ಟು ಪರೀಕ್ಷಿಸುವ ತಂತ್ರಾಂಶ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಅರ್ಧ ಗಂಟೆ ಓಡಿಸಿ. ಪಾಸಾದರೆ ಗುಣಕ ಒಂದೇ ಒಂದು ಏರಿಸಿ, ಮತ್ತೆ ಅರ್ಧ ಗಂಟೆ. ಒಂದು ವರ್ಕರ್ (ಒಂದು ಕೋರ್‌ನ ಲೆಕ್ಕ) ನಿಂತು ‘ಫೇಟಲ್ ಎರರ್: ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4’ ಎಂಬ ಸಾಲು ಬಂದರೆ ಆ ಕೋರ್ ಲೆಕ್ಕ ತಪ್ಪಿದೆ. ಯಂತ್ರ ಹ್ಯಾಂಗ್ ಆಗಲಿಲ್ಲ ಎಂದು ಸುಮ್ಮನಿದ್ದರೆ ನಾಳೆ ನಿಮ್ಮ ಫೈಲ್‌ಗಳೇ ಹಾಳಾಗುತ್ತವೆ. 0.01 ವೋಲ್ಟ್ ಏರಿಸಿ ಮತ್ತೆ ನೋಡಿ. ಗಾಳಿ ಕೂಲರ್‌ನಲ್ಲಿ 1.35 ದಾಟಬೇಡಿ. ಅದಕ್ಕೂ ಮೊದಲೇ 80 ಡಿಗ್ರಿ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ, ಒಂದು ಗುಣಕ ಹಿಂದಕ್ಕೆ ಬನ್ನಿ.

ರೈಜನ್‌ನಲ್ಲಿ ಎಲ್ಲ ಕೋರ್‌ಗೂ ಒಂದೇ ವೇಗ ಕಟ್ಟಬೇಡಿ, ಒಂಟಿ ಕೋರ್‌ನ ಬೂಸ್ಟ್ ಕಳೆದುಕೊಳ್ಳುತ್ತೀರಿ. 5000 ಸರಣಿಯಿಂದೀಚೆಗೆ ಇರುವ ಕರ್ವ್ ಆಪ್ಟಿಮೈಸರ್‌ನಲ್ಲಿ (ಕೋರ್‌ಗಳ ವೋಲ್ಟೇಜ್ ಇಳಿಸುವ ಬಯಾಸ್ ಸೆಟ್ಟಿಂಗ್) ಮೈನಸ್ 10ರಿಂದ ಶುರುಮಾಡಿ. ಇದರ ದೋಷ ಭಾರೀ ಲೋಡ್‌ನಲ್ಲಿ ಅಲ್ಲ, ಖಾಲಿ ಕೂತಾಗ ಕಾಣುತ್ತದೆ. ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೋರ್‌ಸೈಕ್ಲರ್ ರಾತ್ರಿಯಿಡೀ ಓಡಲಿ.

ಕಡೆಯದಾಗಿ ಬರ್ನ್-ಇನ್. ಹೀಗೆ ಗಂಟೆಗಟ್ಟಲೆ ಕಾಯಿಸಿದರೆ ಚಿಪ್ ‘ಪಳಗಿ’ ಇನ್ನಷ್ಟು ವೇಗ ತಾಳುತ್ತದೆ ಎಂಬುದು ಸುಳ್ಳು. ದೋಷ ಬಯಲಿಗೆ ತರಲಷ್ಟೇ ಇದು. ಪ್ರೈಮ್95ರ ಬ್ಲೆಂಡ್ ಎಂಟು ಗಂಟೆ ಓಡಿಸಿ, ಬಳಿಕ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ದೋಷ ದಾಖಲಿಸುವ ‘ಡಬ್ಲ್ಯುಎಚ್‌ಇಎ-ಲಾಗರ್’ ಹುಡುಕಿ. ಅಲ್ಲಿ ಈವೆಂಟ್ ಐಡಿ 19 ಎಂಬ ಎಚ್ಚರಿಕೆ ಒಂದೇ ಇದ್ದರೂ ಫೇಲ್. ಓವರ್‌ಕ್ಲಾಕ್ ಮಾಡಿದ ಯಂತ್ರ ಹೆಚ್ಚು ಕರೆಂಟ್ ಎಳೆಯುತ್ತದೆ; 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ಹೊರುತ್ತದೆ. ಗ್ರಾಫಿಕ್ಸ್ ಕಾರ್ಡ್ ಸೇರಿ ಅದು ಕೂಗತೊಡಗಿದರೆ ದೊಡ್ಡದು ತನ್ನಿ.

ಬಯಾಸ್ ತೆರೆಯದಷ್ಟು ಕೆಟ್ಟರೆ ಗಾಬರಿ ಬೇಡ. ಪ್ಲಗ್ ಕಿತ್ತು, ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ತೆಗೆದು, ಪವರ್ ಬಟನ್ ಒತ್ತಿ, ಐದು ನಿಮಿಷ ಬಿಟ್ಟು ಹಾಕಿ. ಸೆಟ್ಟಿಂಗ್ ಅಳಿಸಿಹೋಗುತ್ತದೆ, ಆದ್ದರಿಂದ ಪಾಸಾದ ಅಂಕಿಗಳನ್ನು ಕಾಗದದಲ್ಲಿ ಬರೆದು ಕ್ಯಾಬಿನೆಟ್ ಒಳಬದಿಗೆ ಅಂಟಿಸಿಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸ್ಮಾಲ್ ಎಫ್‌ಎಫ್‌ಟಿ ಮತ್ತೊಮ್ಮೆ ಓಡಿಸಿ. 90 ದಾಟಿದರೆ ಗುಣಕ ಒಂದು, ವೋಲ್ಟೇಜ್ 0.025 ಇಳಿಸಿ.