ತುಲಾ ತಿಂಗಳಲ್ಲಿ ಹಳೆಗಾಲದ ಸೆಂಟು: ಹಚ್ಚಿಕೊಳ್ಳುವುದು ಹೇಗೆ?

ಮಳೆಗಾಲ ಹಿಂದೆ ಸರಿದು ತುಲಾ ತಿಂಗಳು ಹಿಡಿಯಿತೆಂದರೆ ಕಾಸರಗೋಡಿನಲ್ಲಿ ಬೆಳಗ್ಗೆ ಇಬ್ಬನಿ, ನಡುಹಗಲು ಸುಡುಬಿಸಿಲು, ಸಂಜೆ ಗುಡುಗುಮಳೆ. ಆಟಿಯ ಜಡಿಮಳೆಯಲ್ಲಿ ಉಸಿರುಕಟ್ಟಿಸುವ ಗಾಢ ಪರಿಮಳಗಳು ಇಬ್ಬನಿಯ ಈ ದಿನಗಳಲ್ಲಿ ಹಿತವೆನಿಸತೊಡಗುತ್ತವೆ. ಅವುಗಳಲ್ಲಿ ‘ಶೀಪ್ರ್’ ಎಂಬ ಫ್ರೆಂಚ್ ವರ್ಗದ ಸೆಂಟು ನಮ್ಮಲ್ಲಿ ಬಳಕೆಯಲ್ಲಿರುವುದು ಅಪರೂಪ.

ಫ್ರೆಂಚ್ ಸೆಂಟು ತಯಾರಕ ಫ್ರಾನ್ಸ್ವಾ ಕೋಟಿ 1917ರಲ್ಲಿ ಇದೇ ಹೆಸರಿನ ಸೆಂಟನ್ನು ಹೊರತಂದ ಮೇಲೆ ಈ ವರ್ಗ ನೆಲೆಯೂರಿತು. 1919ರಲ್ಲಿ ಗೆರ್ಲಾಂ ಸಂಸ್ಥೆಯ ‘ಮಿತ್ಸುಕೊ’ ಅದಕ್ಕೆ ಪೀಚ್ ಹಣ್ಣಿನ ಕಂಪನ್ನು ಕೂಡಿಸಿತು. ಇವುಗಳಲ್ಲಿ ಮೊದಲು ಮೂಗಿಗೆ ಬರುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆ, ನಡುವೆ ಗುಲಾಬಿ ಮಲ್ಲಿಗೆ, ಕೊನೆಗೆ ತಳದಲ್ಲಿ ಉಳಿಯುವುದು ಲ್ಯಾಬ್ಡನಮ್ ಎಂಬ, ಗಿಡದಿಂದ ಬರುವ ಅಂಟು ಮತ್ತು ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು. ದಿನಸಿ ಅಂಗಡಿಯ ಕಲ್ಲುಹೂವು ಅದೇ ಜಾತಿಯದಲ್ಲವಾದರೂ ಅದರ ನಂಟಿನದೇ. ಒಂದು ಚೂರನ್ನು ಬೆರಳುಗಳ ನಡುವೆ ತಿಕ್ಕಿ ಮೂಸಿದರೆ ಒಣಕಲು, ತುಸು ಕಹಿ, ಮಣ್ಣು ಬೆರೆತ ಆ ವಾಸನೆಯ ಅಂದಾಜು ಸಿಗುತ್ತದೆ. ಇದು ಹಿಡಿಸದವರು ದುಬಾರಿ ಬಾಟಲಿಯ ಗೊಡವೆಗೆ ಹೋಗದಿರುವುದೇ ಲೇಸು.

ಕೊಳ್ಳುವ ಮುನ್ನ ಮೊದಲು ಕಾಗದದ ಪಟ್ಟಿಯ ಮೇಲೆ, ನಂತರ ಮುಂಗೈಯ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಒಂದು ದಿನ ಕಾಯಬೇಕು. ಓಕ್ ಕಲ್ಲುಹೂವಿನಲ್ಲಿರುವ ಅಟ್ರನಾಲ್ ಮತ್ತು ಕ್ಲೋರೋಅಟ್ರನಾಲ್ ಎಂಬ ಅಂಶಗಳು ಕೆಲವರಿಗೆ ತುರಿಕೆ ತರುತ್ತವೆ. ಐರೋಪ್ಯ ಒಕ್ಕೂಟ ಅವುಗಳನ್ನು 2017ರ ನಿಯಮದ ಮೂಲಕ ನಿಷೇಧಿಸಿದ್ದರಿಂದ ಇಂದಿನ ತಯಾರಿಕೆಗಳಲ್ಲಿ ಆ ಅಂಶಗಳನ್ನು ತೆಗೆದ ಸಾರವನ್ನು ಬಳಸುತ್ತಾರೆ. ಹಳೆಯ ಬಾಟಲಿ ಕೈಗೆ ಬಂದಿದ್ದರೆ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಹಚ್ಚಿಕೊಳ್ಳುವ ದಿನ ಶ್ರೀಗಂಧದ ಸಾಬೂನನ್ನು ಬದಿಗಿಟ್ಟು ವಾಸನೆಯಿಲ್ಲದ ಸಾಬೂನಿನಲ್ಲಿ ಸ್ನಾನ ಮುಗಿಸಿ, ಮೈ ಪೂರ್ತಿ ಆರಿದ ಮೇಲೆ ಹಚ್ಚಬೇಕು. ತಲೆಗೆ ತೆಂಗಿನೆಣ್ಣೆ ಹಾಕಿದ್ದರೆ ಕುತ್ತಿಗೆಯ ಬದಲು ಎದೆಯ ಭಾಗವನ್ನು ಆರಿಸಿಕೊಳ್ಳಿ. ಎಣ್ಣೆಯ ಕಮ್ಮನೆ ವಾಸನೆಗೂ ಕಲ್ಲುಹೂವಿನ ಕಹಿಗೂ ಹೊಂದಿಕೆ ಆಗುವುದಿಲ್ಲ. ಒಂದು ಗೇಣು ದೂರದಿಂದ ಅಂಗಿಯೊಳಗಿನ ಮೈಗೆ ಒಂದೇ ಸಲ ಸಿಂಪಡಿಸಿದರೆ ಸಾಕು. ಗಲ್ಫಿನಿಂದ ಬಂದ ನೆಂಟರು ಕೊಟ್ಟ ಊದ್ ಅತ್ತರನ್ನು ಅದರ ಮೇಲೆ ಲೇಪಿಸುವ ಆಸೆಯನ್ನು ಹತ್ತಿಕ್ಕಿಕೊಳ್ಳಬೇಕು, ಏಕೆಂದರೆ ಎರಡೂ ತಳದ ವಾಸನೆಗಳೇ ಆದುದರಿಂದ ಒಂದು ಇನ್ನೊಂದನ್ನು ಮುಳುಗಿಸುತ್ತದೆ.

ಬಿಸಿಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬರ್ಗಮಾಟ್ ಎಣ್ಣೆಯಲ್ಲಿ ಸಹಜವಾಗಿರುವ ಬರ್ಗಾಪ್ಟೆನ್ ಎಂಬ ಅಂಶ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಹ ಕಪ್ಪು ಕಲೆ ಮೂಡಬಹುದು. ಈಗ ಅದನ್ನು ಬೇರ್ಪಡಿಸಿದ ಎಣ್ಣೆಯನ್ನೇ ಹೆಚ್ಚಾಗಿ ಬಳಸುತ್ತಾರಾದರೂ ಹಳೆಯ ಬಾಟಲಿಗಳ ಮಾತು ಬೇರೆ. ಆದುದರಿಂದ ಬಟ್ಟೆ ಮುಚ್ಚುವ ಜಾಗಕ್ಕೆ ಮಾತ್ರ ಹಚ್ಚಿ. ಬಿಳಿ ಮುಂಡು, ಪಟ್ಟೆ ಸೀರೆಗಳಿಗೆ ಸೋಕಿದರೆ ಕಂದು ಗುರುತು ಉಳಿಯಬಹುದು.

ಹಚ್ಚಿದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಮೊದಲ ಹದಿನೈದು ನಿಮಿಷದ ಒಗರು ಇಳಿದು ಹೂವು ಕಾಣಿಸಿಕೊಂಡು, ಅದೂ ಮಾಸಿ ತಳದ ಕಂಪು ನಿಲ್ಲಲು ಒಂದೆರಡು ಗಂಟೆ ಬೇಕು. ಹೊರಡುವ ಸಮಯವನ್ನು ಈ ಲೆಕ್ಕದಲ್ಲಿ ಹೊಂದಿಸಿಕೊಳ್ಳಬೇಕು. ದೀಪಾವಳಿಯ ನಂತರ ಮೇಳಗಳು ತಿರುಗಾಟ ಹೊರಟಾಗ ಬಯಲಾಟದ ತಂಪು ಗಾಳಿಗೆ ಇದು ಹೇಳಿ ಮಾಡಿಸಿದಂತಿರುತ್ತದೆ. ಮುಚ್ಚಿದ ಕೋಣೆಯ ತಾಳಮದ್ದಳೆಗೂ ಕಿಕ್ಕಿರಿದ ಬಸ್ಸಿಗೂ ಬೇಡ, ಪಕ್ಕದವರ ತಲೆನೋವಿಗೆ ನಾವು ಕಾರಣರಾಗುತ್ತೇವೆ.

ಬಾಟಲಿಯನ್ನು ಅದರ ರಟ್ಟಿನ ಪೆಟ್ಟಿಗೆಯಲ್ಲೇ ಇರಿಸಿ ಕಪಾಟಿನ ಕತ್ತಲಲ್ಲಿಡಿ. ಬಚ್ಚಲುಮನೆಯ ಹಬೆ, ಕಾರಿನೊಳಗಿನ ಕಾವು ಎರಡೂ ಆಗದು. ಹಳೆಯ ಸೆಂಟು ಮೊದಲ ಸಿಂಪಡಿಕೆಗೆ ವಾರ್ನಿಶಿನ ಹಾಗೆ ನಾತ ಬೀರಿದರೆ ತಕ್ಷಣ ಎಸೆಯದೆ ಕಾಗದಕ್ಕೆ ಹಚ್ಚಿ ಅರ್ಧ ಗಂಟೆ ಬಿಟ್ಟು ಮೂಸಿ ನೋಡಿ. ಸಾಮಾನ್ಯವಾಗಿ ಮೊದಲು ಕೆಡುವುದು ಮೇಲಿನ ಬರ್ಗಮಾಟ್. ತಳದ ಕಲ್ಲುಹೂವು ಮತ್ತು ಅಂಟು ಇನ್ನೂ ಚೆನ್ನಾಗಿಯೇ ಇರಬಹುದು.